ಬೀದರಿನ ದಾರಿಯಲ್ಲಿ ಬೆನ್ನು, ಬೆರಳು ಮತ್ತು ಸಿಡುಕು

ಮೊದಲ ದಿನ: ಬೆಂಗಳೂರಿನಿಂದ ಹೊಸಪೇಟೆ

ಘಟ್ಟದ ರಸ್ತೆ ಎಂದರೆ ಹೆದರುವ ಬೈಕ್ ಸವಾರರು ಬಹಳ ಮಂದಿ. ನನ್ನನ್ನು ಹಣ್ಣು ಮಾಡುವುದು ನೇರ ರಸ್ತೆ. ಚಾರ್ಮಾಡಿಯ ತಿರುವುಗಳಲ್ಲಿ ಕೈ, ಕಾಲು, ಕಣ್ಣು ಎಲ್ಲಕ್ಕೂ ಕೆಲಸವಿರುತ್ತದೆ, ಮೈ ಎಚ್ಚರವಾಗಿರುತ್ತದೆ. ಬಯಲುಸೀಮೆಯ ನಾಲ್ಕು ಪಥದ ಹೆದ್ದಾರಿಯಲ್ಲಿ ಬಲಗೈ ಮಣಿಕಟ್ಟು ಬಿಟ್ಟರೆ ಬೇರೆ ಯಾವ ಅಂಗಕ್ಕೂ ಕೆಲಸವಿಲ್ಲ. ಗಂಟೆಗಟ್ಟಲೆ ಅಲ್ಲಾಡದೆ ಕೂತ ಬೆನ್ನು ಆಮೇಲೆ ಲೆಕ್ಕ ಕೇಳುತ್ತದೆ. ಹಾಗಿದ್ದೂ ಮಾರ್ಚ್ ತಿಂಗಳಲ್ಲಿ, ರಾಜ್ಯದ ಅತ್ಯಂತ ನೇರ ರಸ್ತೆಗಳನ್ನೆಲ್ಲ ಪೋಣಿಸಿಕೊಂಡು ಬೀದರಿಗೆ ಹೋಗೋಣ ಎಂದವರು ಮೇಷ್ಟ್ರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅರವತ್ತು ದಾಟಿದೆ. ಅವರ ಬೈಕಿಗೂ ವಯಸ್ಸಾಗಿದೆ. ಸಿಂಗಲ್ ಸಿಲಿಂಡರು, ಎಪ್ಪತ್ತು ದಾಟಿದರೆ ಹ್ಯಾಂಡಲ್ಲು ಗಡಗಡ ಎನ್ನುತ್ತದೆ. ಅವರದೊಂದು ನಿಯಮವಿದೆ: ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಲೇಬೇಕು. ಸುಸ್ತಾಗಿರಲಿ ಬಿಡಲಿ, ಇಂಡಿಕೇಟರ್ ಹಾಕಿ ಮರದಡಿಗೆ ಎಳೆದು, ಹೆಲ್ಮೆಟ್ ತೆಗೆದು, "ಪಿರಿಯಡ್ ಮುಗೀತು" ಅನ್ನುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ. ಅದಕ್ಕಿಂತ ಹೆಚ್ಚು ಹೊತ್ತು ಯಾರ ಗಮನವೂ ಒಂದು ಕಡೆ ನಿಲ್ಲುವುದಿಲ್ಲ ಎಂದು ಅವರ ನಂಬಿಕೆ.

ಐದಕ್ಕೇ ಬೆಂಗಳೂರು ಬಿಟ್ಟೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಎರಡರ ಮೇಲೆ ಮೂರನೆಯದು ಬೇಡವೆಂದು ಮೇಷ್ಟ್ರು ನನ್ನ ತಟ್ಟೆಗೆ ಕೈ ಅಡ್ಡ ಹಿಡಿದರು. ಹೊಟ್ಟೆ ತುಂಬಿದ ಸವಾರನಿಗೆ ಸಿರಾ ಬರುವಷ್ಟರಲ್ಲಿ ನಿದ್ದೆ ಎಂಬುದು ಅವರ ಲೆಕ್ಕ. ಹಿರಿಯೂರಿನವರೆಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಟೋಲ್ ಬಂದಲ್ಲೆಲ್ಲ ಎಡತುದಿಯ ಸಣ್ಣ ದಾರಿಯಲ್ಲಿ ನುಸುಳಿದೆವು; ದ್ವಿಚಕ್ರ ವಾಹನಗಳಿಗೆ ಅಲ್ಲಿ ಹಣ ಕೊಡುವುದಿಲ್ಲ.

ಚಿತ್ರದುರ್ಗ ಹತ್ತಿರವಾದಂತೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣಿಸಿದವು. ಕಾರಿನಲ್ಲಿ ಹೋಗುವವರಿಗೆ ಅದೊಂದು ಚಂದದ ನೋಟ. ಬೈಕಿನವನಿಗೆ ಅದು ಎಚ್ಚರಿಕೆಯ ಫಲಕ, ಏಕೆಂದರೆ ಗಾಳಿ ಬಲವಾಗಿರುವ ಕಡೆಯಲ್ಲೇ ತಾನೆ ಅವನ್ನು ನೆಟ್ಟಿರುವುದು! ಅಡ್ಡಗಾಳಿಯಲ್ಲಿ ನೇರ ಹೋಗಬೇಕಾದರೂ ಗಾಡಿಯನ್ನು ಗಾಳಿಯ ಕಡೆಗೆ ವಾಲಿಸಿಕೊಂಡೇ ಇರಬೇಕು. ಲಾರಿಯ ಪಕ್ಕಕ್ಕೆ ಬಂದ ಕೂಡಲೇ ಆ ಗಾಳಿ ನಿಂತುಬಿಡುತ್ತದೆ, ಗಾಡಿ ಲಾರಿಯ ಕಡೆಗೇ ಒಲೆಯುತ್ತದೆ. ಲಾರಿ ದಾಟಿದ ಕ್ಷಣ ಮತ್ತೆ ಕಪಾಳಕ್ಕೆ ಹೊಡೆತ. ಪ್ರತಿ ಲಾರಿಗೂ ಇದೇ ಪಾಡು. ಹೆಲ್ಮೆಟ್ಟು ಒಂದೂವರೆ ಕಿಲೋ ಇರಬಹುದು, ಅಷ್ಟನ್ನೇ ಹೊತ್ತರೆ ಕುತ್ತಿಗೆಗೆ ಏನೂ ಆಗುವುದಿಲ್ಲ. ಆ ಒಂದೂವರೆ ಕಿಲೋವನ್ನು ಯಾರೋ ಪಕ್ಕದಿಂದ ಎಳೆದು ಎಳೆದು ಬಿಟ್ಟರೆ ಆಗುವ ನೋವೇ ಬೇರೆ.

ದುರ್ಗದಿಂದ ಬಲಕ್ಕೆ ತಿರುಗಿ 50ನೇ ನಂಬರಿನ ಹೆದ್ದಾರಿ ಹಿಡಿದೆವು. ಕೂಡ್ಲಿಗಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಅಂಗಡಿಯಾತ ಬೈಕುಗಳನ್ನು ಸುತ್ತು ಹಾಕಿ ನೋಡಿ, "ಆವರೇಜ್ ಎಷ್ಟು ಕೊಡ್ತೈತಿ ಸಾರ್?" ಎಂದ. ಬೀದರ್ ತಲುಪುವಷ್ಟರಲ್ಲಿ ಈ ಪ್ರಶ್ನೆಯನ್ನು ನಮಗೆ ಕೇಳದವರು ದೇವಸ್ಥಾನದ ಪೂಜಾರಿಗಳು ಮಾತ್ರ.

ಹೊಸಪೇಟೆಯ ಲಾಡ್ಜಿನ ಮುಂದೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೋದರೆ ಬೆರಳು ಕೇಳುತ್ತಿಲ್ಲ. ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿದ್ದವು. ಆ ಎರಡು ಬೆರಳಿಗೆ ಹೋಗುವ ನರ ಅಂಗೈ ಬುಡದಲ್ಲಿ, ಚರ್ಮದ ಸ್ವಲ್ಪವೇ ಕೆಳಗೆ ಹಾದುಹೋಗುತ್ತದೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರೆ ಎಂಜಿನ್ನಿನ ನಡುಕ ನೇರ ಆ ನರಕ್ಕೇ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಹೊಟ್ಟೆಯ ಸ್ನಾಯುವಿನ ಬಲದಲ್ಲಿ ಕೂತು, ಕೈಯನ್ನು ಸುಮ್ಮನೆ ಇಟ್ಟಂತೆ ಇಡಬೇಕು. ಇದು ಗೊತ್ತಿಲ್ಲದ ಸವಾರನಿಲ್ಲ, ಅಡ್ಡಗಾಳಿ ಬೀಸುವಾಗ ಪಾಲಿಸುವವನೂ ಇಲ್ಲ.

ಸಂಜೆ ತುಂಗಭದ್ರಾ ಅಣೆಕಟ್ಟಿಗೆ ಹೋದೆವು. 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ 19ನೇ ಗೇಟು ಯಾವುದು ಎಂದು ಎಣಿಸುವುದರಲ್ಲಿ ಮೇಷ್ಟ್ರಿಗೆ ಖುಷಿ. ನನಗೆ ಕಟ್ಟೆಯ ಮೇಲೆ ಒರಗಲು ಜಾಗ ಸಿಕ್ಕಿತಲ್ಲ ಎಂಬುದೇ ಖುಷಿ.

ಎರಡನೇ ದಿನ: ಹೊಸಪೇಟೆಯಿಂದ ವಿಜಯಪುರ

ಇನ್ನೂರು ಕಿಲೋಮೀಟರ್, ಹಿಂದಿನ ದಿನಕ್ಕಿಂತ ಬಹಳ ಕಡಿಮೆ. ಸುಲಭ ಎಂದುಕೊಂಡಿದ್ದೆವು.

ಕುಷ್ಟಗಿ ದಾಟಿದ ಮೇಲೆ ಎರಡೂ ಕಡೆ ಬಯಲು. ಇಳಕಲ್ಲಿನ ಬಳಿ ರಸ್ತೆಯಂಚಿನಲ್ಲಿ ಕೆಂಪು ಗ್ರಾನೈಟಿನ ದಿಮ್ಮಿಗಳು, ಊರೊಳಗೆ ಸೀರೆ ಅಂಗಡಿಗಳು. ಮೇಷ್ಟ್ರು ಮನೆಯವರಿಗೆಂದು ಟೋಪ್ ತೆನಿ ಸೆರಗಿನ ಸೀರೆ ಕೊಂಡು, ಅದನ್ನು ಮಳೆಕೋಟಿನ ಚೀಲದಲ್ಲಿ ಸುತ್ತಿ, ಬೆನ್ನಿಗೂ ಹಿಂದೆ ಕಟ್ಟಿದ ಬ್ಯಾಗಿಗೂ ನಡುವೆ ತುರುಕಿದರು. "ನಡುವಿಗೆ ಆಧಾರವಾಯ್ತು" ಎಂದರು. ತಮಾಷೆಗೆ ಹೇಳಿದ್ದಲ್ಲ. ಸೊಂಟದ ಕೆಳಭಾಗಕ್ಕೆ ಏನಾದರೂ ಒತ್ತುಕೊಟ್ಟರೆ ಬೆನ್ನು ಗೂನಾಗುವುದಿಲ್ಲ. ಗೂನಾಗಿ ಕೂತರೆ ಗುಂಡಿಯ ಪ್ರತಿ ಹೊಡೆತವೂ ಬೆನ್ನೆಲುಬಿನ ಮಣಿಗಳಿಗೇ. ಗುಂಡಿ ಕಂಡಾಗ ಫುಟ್‌ರೆಸ್ಟ್ ಮೇಲೆ ಅರೆ ಎದ್ದು ನಿಲ್ಲುವುದು ಇನ್ನೂ ಒಳ್ಳೆಯದು.

ಕೂಡಲಸಂಗಮಕ್ಕೆ ತಿರುಗಿದೆವು. ಬಸವಣ್ಣನವರ ಐಕ್ಯಸ್ಥಳಕ್ಕೆ ಇಳಿಯುವ ಮೆಟ್ಟಿಲಿನ ಮೇಲೆ ಮೇಷ್ಟ್ರು ಕಂಬಿ ಹಿಡಿದೇ ಇಳಿದರು. ಕೃಷ್ಣೆ ಮಲಪ್ರಭೆ ಕೂಡುವ ನೀರಿನಲ್ಲಿ ಬೂಟು ಕಳಚಿ ಕಾಲಿಟ್ಟುಕೊಂಡು ಕೂತ ಅರ್ಧ ಗಂಟೆ, ಇಡೀ ಪ್ರವಾಸದಲ್ಲಿ ನನ್ನ ಪಾದಗಳಿಗೆ ಸಂದ ಏಕೈಕ ನ್ಯಾಯ. ದಾಸೋಹದಲ್ಲಿ ಊಟ. ಬಡಿಸುವವರು ಪ್ರೀತಿಯಿಂದ ಬಡಿಸಿದರೆ ಬೇಡವೆನ್ನಲು ಆಗುತ್ತದೆಯೇ? ಇಡ್ಲಿಯ ನಿಯಮವನ್ನು ಮೇಷ್ಟ್ರು ಇಲ್ಲಿ ತಾವೇ ಮರೆತರು.

ಅದರ ಫಲ ನಿಡಗುಂದಿಯ ಆಚೆ ಕಾಣಿಸಿತು. ಕೃಷ್ಣಾ ನದಿಯ ಸೇತುವೆಯ ಮೇಲೆ ಹೋದದ್ದು ನೆನಪಿದೆ. ಮುಂದಿನ ನೆನಪು, ಕಬ್ಬಿನ ಎರಡು ಟ್ರೇಲರ್ ಎಳೆಯುತ್ತಿದ್ದ ಟ್ರ್ಯಾಕ್ಟರಿನ ಸ್ಪೀಕರಿನಿಂದ ಬಂದ ಹಾಡಿನ ಅಬ್ಬರ. ಇವೆರಡರ ನಡುವಿನ ಹತ್ತಿಪ್ಪತ್ತು ಕಿಲೋಮೀಟರ್ ಎಲ್ಲಿ ಹೋಯಿತೋ! ಕಣ್ಣು ತೆರೆದೇ ಇತ್ತು, ಗಾಡಿ ತನ್ನ ಪಥದಲ್ಲೇ ಇತ್ತು. ಆದರೆ ಓಡಿಸುತ್ತಿದ್ದವನು ಮನೆಯಲ್ಲಿ ಇರಲಿಲ್ಲ. ನೇರ ರಸ್ತೆ, ಒಂದೇ ವೇಗ, ಒಂದೇ ಸದ್ದು ಸೇರಿದರೆ ತಲೆ ತನ್ನಷ್ಟಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ. ಮೇಷ್ಟ್ರಿಗೂ ಹಾಗೇ ಆಗಿತ್ತಂತೆ. ಬೇವಿನ ಮರದಡಿ ನಿಲ್ಲಿಸಿ ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆದರು: ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. "ಒಂದು ಸೆಕೆಂಡ್ ಮೈಮರೆತರೆ ಮೂರು ಕ್ಲಾಸ್‌ರೂಮು ದಾಟಿ ನಾಲ್ಕನೇದರ ಬಾಗಿಲಲ್ಲಿ ಇರ್ತೀವಿ." ಅಲ್ಲೇ ಜಮಖಾನ ಹಾಸಿ ಇಪ್ಪತ್ತು ನಿಮಿಷ ಮಲಗಿದೆವು. ಚಹಾ, ಚ್ಯೂಯಿಂಗ್ ಗಮ್, ಜೋರಾಗಿ ಹಾಡುವುದು ಎಲ್ಲ ಮಾಡಿ ನೋಡಿದ್ದೇನೆ. ನಿದ್ದೆಗೆ ಮಲಗುವುದೊಂದೇ ಮದ್ದು. ಎದ್ದ ಮೇಲೆ ವೇಗವನ್ನು ಬೇಕೆಂದೇ ಆಗಾಗ ಬದಲಿಸುತ್ತ, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಹೋದೆವು.

ರಾತ್ರಿ ವಿಜಯಪುರದ ಖಾನಾವಳಿಯೊಂದರಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಉಳ್ಳಾಗಡ್ಡಿಯನ್ನು ಹೆಚ್ಚದೆ ಇಡಿಯಾಗಿ ಇಟ್ಟಿದ್ದರು. ಜೋಮು ಹಿಡಿದ ಬೆರಳುಗಳಿಂದ ಅದನ್ನು ಬಿಡಿಸಲು ನಾನು ಒದ್ದಾಡುವುದನ್ನು ನೋಡಿ, ಬಡಿಸುತ್ತಿದ್ದ ಅಕ್ಕ, "ಬಳ್ಳಿಂದ ಬಿಡಸ್ಬ್ಯಾಡ್ರಿ ಅಣ್ಣಾರ, ಮುಷ್ಟಿ ಕಟ್ಟಿ ಗುದ್ರಿ ಅದಕ್ಕ" ಎಂದರು. ಗುದ್ದಿದೆ. ಒಂದೇ ಏಟಿಗೆ ಬಿಚ್ಚಿಕೊಂಡಿತು. ಆ ದಿನದ ದಾರಿಯ ಮೇಲಿನ ಸಿಟ್ಟೆಲ್ಲ ಅದರಲ್ಲಿ ಸ್ವಲ್ಪ ಇಳಿಯಿತು.

ಮೂರನೇ ದಿನ: ವಿಜಯಪುರದಿಂದ ಕಲಬುರಗಿ

ಗೋಳಗುಮ್ಮಟಕ್ಕೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಶಾಲಾ ಮಕ್ಕಳ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತದೆ. ಮಿನಾರಿನೊಳಗಿನ ಮೆಟ್ಟಿಲು ಇಕ್ಕಟ್ಟು, ಒಂದೊಂದೂ ಮೊಣಕಾಲೆತ್ತರ. ಏಳು ಅಂತಸ್ತು ಹತ್ತುವಷ್ಟರಲ್ಲಿ ಎರಡು ದಿನ ಟ್ಯಾಂಕು ಒತ್ತಿ ಹಿಡಿದಿದ್ದ ತೊಡೆಗಳು ನಡುಗತೊಡಗಿದವು.

1656ರಲ್ಲಿ ಮುಗಿದ ಕಟ್ಟಡ, 44 ಮೀಟರ್ ವ್ಯಾಸದ ಗುಮ್ಮಟ, ನಡುವೆ ಒಂದು ಕಂಬವಿಲ್ಲ. ಮೇಷ್ಟ್ರು ಆಚೆ ತುದಿಗೆ ಹೋಗಿ ಗೋಡೆಗೆ ಬಾಯಿಟ್ಟು ಏನೋ ಹೇಳಿದರು. ನಾನು ಗೋಡೆಗೆ ಕಿವಿಯಿಟ್ಟೆ. ನನಗೆ ಕೇಳಿಸಿದ್ದು ಒಂದು ಸಣ್ಣ 'ಕುಂಯ್' ಸದ್ದು, ಅದು ನನ್ನ ಕಿವಿಯೊಳಗಿನದೇ. ವೇಗ ನೂರರ ಹತ್ತಿರ ಹೋದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು 90 ಡೆಸಿಬೆಲ್ ದಾಟುತ್ತದೆ. ದಿನವಿಡೀ ಅದನ್ನು ಕೇಳಿದ ಕಿವಿ ರಾತ್ರಿ ಮಲಗಿದ ಮೇಲೂ ಗುಂಯ್ಗುಡುತ್ತಿರುತ್ತದೆ. ಸುಸ್ತಿಗೆ ಅರ್ಧ ಕಾರಣ ಈ ಸದ್ದೇ ಎಂದು ನನ್ನ ಅನುಮಾನ. ಮೇಷ್ಟ್ರು ಮೂರನೇ ಸಲ ಹೇಳಿದಾಗ ಸ್ಪಷ್ಟವಾಗಿ ಬಂತು: "ಕಿವಿಗೆ ಬಿರಟೆ ತಗೊಳ್ಳಯ್ಯಾ." ಕೆಳಗಿಳಿದು ಮೆಡಿಕಲ್ ಶಾಪಿನಲ್ಲಿ ಫೋಮಿನ ಬಿರಟೆ ಕೊಂಡೆ. ಹತ್ತಿ ತುರುಕಿದರೆ ಅಷ್ಟೊಂದು ಉಪಯೋಗವಿಲ್ಲ. ಹಾರ್ನು, ಲಾರಿಯ ಸದ್ದು ಬಿರಟೆ ಹಾಕಿದರೂ ಕೇಳಿಸುತ್ತದೆ, ಗಾಳಿಯ ಮೊರೆತ ಮಾತ್ರ ತಗ್ಗುತ್ತದೆ.

ಗುಮ್ಮಟ ನೋಡಿದ್ದರಿಂದ ಊರು ಬಿಟ್ಟಾಗ ಒಂಬತ್ತೂವರೆ. ಸಿಂದಗಿಗೆ ಅರವತ್ತು ಕಿಲೋಮೀಟರ್. ಹನ್ನೊಂದರ ಹೊತ್ತಿಗೆ ಬಿಸಿಲು ಮೂವತ್ತೆಂಟರ ಆಸುಪಾಸು. ಸೆಕೆಯಾದಾಗ ಜಾಕೆಟ್ಟಿನ ಜಿಪ್ ತೆಗೆಯುವುದು ಸಹಜ. ಆದರೆ ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾದ ಮೇಲೆ ಅದು ತಂಪು ಮಾಡುವುದಿಲ್ಲ, ಕಾಯಿಸುತ್ತದೆ. ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ. ಮೈ ಒಣಗಿಯೇ ಇದೆ, ಆದ್ದರಿಂದ ನೀರು ಬೇಡ ಎಂದು ಸವಾರ ತಿಳಿಯುತ್ತಾನೆ. ಮೈ ಮುಚ್ಚಿಕೊಂಡು, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿ, ನಿಂತಾಗಲೆಲ್ಲ ಓಆರ್‌ಎಸ್ ಕುಡಿಯುವುದೇ ದಾರಿ. ನೀರು ಸಾಕಾಯಿತೇ ಇಲ್ಲವೇ ಎಂಬುದಕ್ಕೆ ಮೂತ್ರದ ಬಣ್ಣಕ್ಕಿಂತ ಒಳ್ಳೆಯ ಮೀಟರಿಲ್ಲ.

ಸಿಂದಗಿಯಲ್ಲಿ ಲಿಂಬು ಶರಬತ್ತು ಕುಡಿದೆವು. ಇಂಡಿ ಸೀಮೆಯ ಲಿಂಬೆ, ಒಂದು ಹಣ್ಣಿಗೆ ಎರಡು ಲೋಟ. ಇಲ್ಲೇ ಅದು ನಡೆದದ್ದು. ಚಿಲ್ಲರೆ ಕೊಡುವಾಗ ಹುಡುಗ ಐದು ರೂಪಾಯಿ ಕಡಿಮೆ ಕೊಟ್ಟ. ಮೇಷ್ಟ್ರು ಅವನ ಮೇಲೆ ಕೂಗಾಡಿಬಿಟ್ಟರು. ನಲವತ್ತು ಮಕ್ಕಳ ಗದ್ದಲದಲ್ಲೂ ದನಿ ಎತ್ತದ ಮನುಷ್ಯ ಐದು ರೂಪಾಯಿಗೆ ಗಲ್ಲಾಪೆಟ್ಟಿಗೆ ಬಡಿದರು. ಹುಡುಗ ಬೆಪ್ಪಾಗಿ ಹತ್ತರ ನೋಟು ಕೊಟ್ಟ. ಸ್ವಲ್ಪ ಹೊತ್ತು ಕೂರೋಣ ಎಂದೆ. "ಇನ್ನೆಷ್ಟು ದೂರ? ಕೂತು ಕೂತು ಊರು ಬರುತ್ತಾ?" ಎಂದು ಹೆಲ್ಮೆಟ್ ಹಾಕಿಕೊಂಡರು. ಮುಂದಿನ ಮುಕ್ಕಾಲು ಗಂಟೆ ಕಳೆಯಿತು, ಇಂಡಿಕೇಟರ್ ಬೀಳಲಿಲ್ಲ. ನಾನು ಹಾರ್ನ್ ಮಾಡಿದೆ, ಕೈ ಬೀಸಿದೆ. ಕನ್ನಡಿಯಲ್ಲಿ ನೋಡಿಯೂ ನೋಡದಂತೆ ಹೊರಟರು.

ಸುಸ್ತು ಎಂದರೆ ಕಾಲು ನೋವು, ಆಕಳಿಕೆ ಎಂದು ನಾವೆಲ್ಲ ಕಾಯುತ್ತಿರುತ್ತೇವೆ. ಅದಕ್ಕಿಂತ ಮೊದಲು ಬರುವುದು ಸಿಡುಕು. ಹೆಲ್ಮೆಟ್ಟಿನೊಳಗೆ ಮಾತಾಡಲು ಯಾರೂ ಇಲ್ಲ. ಹಳೆಯ ಜಗಳವೊಂದು ನೆನಪಾದರೆ ಐವತ್ತು ಕಿಲೋಮೀಟರ್ ಅದನ್ನೇ ಅಗಿಯುತ್ತ ಹೋಗಬಹುದು. ಎದುರು ಬಂದ ಕಾರು ಲೈಟು ಡಿಮ್ ಮಾಡದಿದ್ದರೆ ನಮ್ಮ ವಂಶವನ್ನೇ ಅವಮಾನಿಸಿದಂತೆ ಅನಿಸುತ್ತದೆ. ಆಮೇಲೆ ಓವರ್‌ಟೇಕಿನ ಅಳತೆ ತಪ್ಪುತ್ತದೆ. ಜೊತೆಯಲ್ಲಿ ಹೋಗುವವರು ಒಬ್ಬರ ಟೈರನ್ನು ಒಬ್ಬರು ನೋಡುವ ಹಾಗೆ ಒಬ್ಬರ ಮಾತನ್ನು ಒಬ್ಬರು ಗಮನಿಸುತ್ತಿರಬೇಕು.

ಜೇವರ್ಗಿಗೆ ಇನ್ನೂ ದೂರವಿತ್ತು. ಊರೊಂದರ ಹತ್ತಿರ ರೈತರು ರಸ್ತೆಯ ಅರ್ಧಕ್ಕೆ ಜೋಳದ ತೆನೆ ಹರಡಿದ್ದರು. ಲಾರಿ ಬಸ್ಸುಗಳ ಗಾಲಿಗೆ ಸಿಕ್ಕಿ ಕಾಳು ಉದುರಲಿ ಎಂದು ಇಲ್ಲಿ ಸುಗ್ಗಿಯಲ್ಲಿ ಹೀಗೆ ಮಾಡುತ್ತಾರೆ. ಎದುರಿಗೆ ಬಸ್ಸು ಬಂತು. ಮೇಷ್ಟ್ರು ಎಡಕ್ಕೆ ಸರಿದು ತೆನೆಯ ಮೇಲೆ ಹತ್ತಿ ಮುಂದಿನ ಬ್ರೇಕು ಮುಟ್ಟಿದರು. ಉದುರಿದ ಜೋಳ ಟೈರಿನಡಿ ಉರುಳಿತು. ಗಾಡಿ ಎಡಕ್ಕೆ ಮಲಗಿತು. ವೇಗ ಮೂವತ್ತೂ ಇರಲಿಲ್ಲ, ಮೊಣಕಾಲಿಗೆ ಕಟ್ಟಿದ್ದ ಗಾರ್ಡು ಸವೆಯಿತು, ಮೊಣಕಾಲು ಉಳಿಯಿತು. ಎಡಗೈ ಹೆಬ್ಬೆರಳು ಉಳುಕಿತು. ಕ್ಲಚ್ ಲಿವರ್ ಬಾಗಿತು. ಸೀರೆಗೆ ಏನೂ ಆಗಲಿಲ್ಲ.

ತೆನೆ ಹರಡುತ್ತಿದ್ದ ಹೆಂಗಸರು ಓಡಿಬಂದು, ಬೈಯುತ್ತಾರೇನೋ ಎಂದುಕೊಂಡರೆ, ಮೇಷ್ಟ್ರನ್ನು ಎಬ್ಬಿಸಿ ನೆರಳಿಗೆ ಕೂಡಿಸಿದರು. ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟರು, ಉಪ್ಪು ಚೆನ್ನಾಗಿ ಬಿದ್ದಿತ್ತು. ಹಿರಿಯಾಕೆ ಒಬ್ಬರು ನಮ್ಮ ಬೂಟು, ಜಾಕೆಟ್ಟು, ಕೈಗವಸು ಎಲ್ಲ ಮೇಲಿಂದ ಕೆಳಗೆ ನೋಡಿ ಕೇಳಿದರು: "ಈ ಹೊತ್ನಾಗ ನಾವು ಎತ್ತನ್ನೂ ಹೂಡಂಗಿಲ್ಲ ಯಪ್ಪಾ. ನಿಮಗ ಹೇಳೋರು ಕೇಳೋರು ಯಾರೂ ಇಲ್ಲೇನು?"

ಮೇಷ್ಟ್ರು ಆ ತನಕ ಸರಿಯಾಗಿಯೇ ಇದ್ದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಕೈ ನಡುಗಲು ಶುರುವಾಯಿತು, ತಂಬಿಗೆ ಹಿಡಿಯಲು ಆಗಲಿಲ್ಲ. ಬಿದ್ದ ಕೂಡಲೇ "ಏನೂ ಆಗಿಲ್ಲ" ಎಂದು ಎದ್ದು ಗಾಡಿ ಹತ್ತುವವರನ್ನು ತಡೆಯಬೇಕಾದದ್ದು ಇದಕ್ಕೇ. ಗಾಬರಿಯ ಆವೇಶ ಇಳಿದ ಮೇಲೆಯೇ ಎಲ್ಲಿ ಏನಾಗಿದೆ ಎಂದು ಗೊತ್ತಾಗುವುದು. ಜೇವರ್ಗಿಯಲ್ಲಿ ಮೆಕ್ಯಾನಿಕ್ ಹುಡುಗ ಬೇರಾವುದೋ ಗಾಡಿಯ ಲಿವರನ್ನು ಅರದಿಂದ ಉಜ್ಜಿ ಕೂರಿಸಿಕೊಟ್ಟ. ಅವನ ಅಂಗಡಿಯ ಮಂಚದ ಮೇಲೆ ಐದರವರೆಗೆ ಮೇಷ್ಟ್ರು ಮಲಗಿದರು. ಎದ್ದವರೇ ಮೊದಲು ಕೇಳಿದ್ದು, "ಆ ಹುಡುಗನಿಗೆ ಐದು ರೂಪಾಯಿ ವಾಪಸ್ ಕೊಡಬೇಕಲ್ಲ, ಅವನು ಹತ್ತು ಕೊಟ್ಟ."

ಭೀಮಾ ನದಿಯ ಸೇತುವೆ ದಾಟುವಾಗ ಬಿಸಿಲು ಇಳಿದಿತ್ತು. ಮೇಷ್ಟ್ರು ನಲವತ್ತರಲ್ಲಿ, ನಾನು ಅವರ ಹಿಂದೆ. ಹಿಂದೆ ಬಂದವರೆಲ್ಲ ಹಾರ್ನ್ ಬಾರಿಸಿ ಹೋದರು.

ನಾಲ್ಕನೇ ದಿನ: ಕಲಬುರಗಿಯಿಂದ ಬೀದರ್

ಬೆಳಗ್ಗೆ ಐದೂವರೆಗೆ ಹೊರಟೆವು. ಹಿಂದಿನ ದಿನವೇ ಏಕೆ ಹೀಗೆ ಮಾಡಲಿಲ್ಲ ಎಂದು ಕೇಳಬೇಡಿ, ಗುಮ್ಮಟವನ್ನು ಕೇಳಿ. ತೊಗರಿ ಕೊಯ್ದ ಹೊಲಗಳು, ತಣ್ಣನೆ ಗಾಳಿ. ಕಮಲಾಪುರದಲ್ಲಿ ರಸ್ತೆಬದಿ ಕೆಂಪು ಬಾಳೆಹಣ್ಣಿನ ಗೊನೆಗಳು. ಒಂದೊಂದು ಹಣ್ಣೂ ಒಂದು ತಿಂಡಿಯಷ್ಟು, ಹೊಟ್ಟೆಗೆ ಭಾರವಿಲ್ಲ, ಸವಾರಿಗೆ ಹೇಳಿ ಮಾಡಿಸಿದ್ದು.

ಬಾಳೆ ಸುಲಿಯುತ್ತ ಮೇಷ್ಟ್ರು ಹೇಳಿದರು: "ಇಷ್ಟೊತ್ತು ನಾನು ರಸ್ತೆ ನೋಡಲೇ ಇಲ್ಲ ಕಣಯ್ಯ. ರಸ್ತೆ ಮೇಲಿನ ಕಸ ನೋಡ್ತಿದ್ದೆ. ಎಲ್ಲಿ ಮಣ್ಣು, ಎಲ್ಲಿ ಎಲೆ, ಎಲ್ಲಿ ಕಾಳು. ನೋಡಿದ ಕಡೆಗೇ ಗಾಡಿ ಹೋಗುತ್ತೆ." ಬೈಕಿನ ಅತ್ಯಂತ ವಿಚಿತ್ರ ಗುಣವಿದು. ಗುಂಡಿಗೆ ಹೆದರಿ ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಬೀಳುತ್ತೇವೆ. ಅದರ ಪಕ್ಕದ ಒಳ್ಳೆಯ ರಸ್ತೆಯನ್ನು ನೋಡಬೇಕು. ಬಿದ್ದು ಎದ್ದವರಿಗೆ ಇದನ್ನು ಹೇಳುವುದು ಸುಲಭ, ಅವರ ಕಣ್ಣು ಕೇಳಬೇಕಲ್ಲ! ಅಲ್ಲಿಂದ ನಾನು ಮುಂದೆ ಹೋದೆ. ನನ್ನ ಹಿಂದಿನ ದೀಪ ನೋಡುತ್ತ ಬನ್ನಿ, ನೆಲ ನೋಡಬೇಡಿ ಎಂದೆ. ಹುಮನಾಬಾದ್ ಬರುವಷ್ಟರಲ್ಲಿ ಕನ್ನಡಿಯಲ್ಲಿ ಅವರ ಭುಜ ಸ್ವಲ್ಪ ಕೆಳಗಿಳಿದದ್ದು ಕಂಡಿತು.

ಬೀದರ್ ಹತ್ತಿರವಾದಂತೆ ಕಪ್ಪು ನೆಲ ಮುಗಿದು ಕೆಂಪು ಮಣ್ಣು ಬಂತು, ಬಿಸಿಲೂ ಒಂದು ಮಟ್ಟ ಇಳಿದಂತಾಯಿತು. ಹತ್ತಕ್ಕೆಲ್ಲ ರೂಮು ಸೇರಿ, ಹೆಬ್ಬೆರಳಿಗೆ ಮಂಜುಗಡ್ಡೆ ಕಟ್ಟಿ, ಮಧ್ಯಾಹ್ನವೆಲ್ಲ ಮಲಗಿದೆವು. ಸಂಜೆ ಮಹಮೂದ್ ಗವಾನನ ಮದರಸಾ. 1472ರ ಕಟ್ಟಡದ ಗೋಡೆಯಲ್ಲಿ ಅಲ್ಲಲ್ಲಿ ನೀಲಿ ಹೆಂಚಿನ ಚೂರುಗಳು ಇನ್ನೂ ಉಳಿದಿವೆ. ಅಲ್ಲಿಂದ ನಡೆದುಕೊಂಡೇ ಬಿದರಿ ಕೆಲಸದ ಅಂಗಡಿಗೆ ಹೋದೆವು.

ಸತುವು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಕಸಬುದಾರರೊಬ್ಬರು ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರು. ಆಮೇಲೆ ನವಸಾಗರ ಬೆರೆಸಿದ ಕೋಟೆಯ ಮಣ್ಣು ಹಚ್ಚಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳಗುತ್ತದೆ. ಬೆಳಗಿನಿಂದ ನೆಲಕ್ಕೆ ಕೂತು ಬಗ್ಗಿದ ಬೆನ್ನು. ನೋಯುವುದಿಲ್ಲವೇ ಎಂದು ಮೇಷ್ಟ್ರು ಕೇಳಿದರು. "ಅಜಾನ್ ಆದಾಗ ಏಳ್ತೀನ್ರಿ. ಇಲ್ಲಂದ್ರ ಕೆಲಸದಾಗ ಏಳಾದೇ ನೆಪ್ಪಾಗಲ್ಲ" ಎಂದರು. ಮೇಷ್ಟ್ರು ನನ್ನ ಕಡೆ ತಿರುಗಿ, "ನೋಡಿದ್ಯಾ, ಬೆಲ್ಲು!" ಎಂದರು. ಸಿಂದಗಿಯ ನಂತರ ಅವರು ಹಾಗೆ ನಕ್ಕದ್ದು ಆಗಲೇ. ಕಸಬುದಾರರು ನಮ್ಮ ಹೆಲ್ಮೆಟ್ ನೋಡಿ ಮುಂದಿನ ಪ್ರಶ್ನೆ ಕೇಳಿದರು. ಆವರೇಜ್ ಮೂವತ್ತೈದು ಎಂದೆವು.

ಐದನೇ ದಿನ: ಮತ್ತೆ ಕಲಬುರಗಿ

ಹೆಬ್ಬೆರಳು ರಾತ್ರಿಯೆಲ್ಲ ಊದಿತ್ತು. ಗಟ್ಟಿ ಕ್ಲಚ್ಚನ್ನು ಬೆಂಗಳೂರಿನವರೆಗೆ ಹಿಡಿಯುವ ಮಾತೇ ಇರಲಿಲ್ಲ. ಮುಂಜಾನೆಯ ತಂಪಿನಲ್ಲಿ ನಿಧಾನವಾಗಿ ಕಲಬುರಗಿಗೆ ಬಂದು ಎರಡೂ ಬೈಕುಗಳನ್ನು ರೈಲಿನ ಪಾರ್ಸೆಲ್ಲಿಗೆ ಹಾಕುವುದೆಂದು ಗೊತ್ತುಮಾಡಿದೆವು. ಆರ್‌ಸಿಯ ನಕಲು, ಗುರುತಿನ ಚೀಟಿಯ ನಕಲು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ಗೋಣಿಚೀಲ ಸುತ್ತಿ ಕೊಡುವವರು ಅಲ್ಲೇ ಇರುತ್ತಾರೆ, ಕನ್ನಡಿಗಳನ್ನು ಮಾತ್ರ ಮೊದಲೇ ಬಿಚ್ಚಿಟ್ಟುಕೊಳ್ಳಬೇಕು. ಟ್ಯಾಂಕಿನಲ್ಲಿ ಒಂದು ಹನಿಯೂ ಪೆಟ್ರೋಲ್ ಇರಕೂಡದು. ಆದ್ದರಿಂದ ಹಿಂದಿನ ಸಂಜೆ ಫುಲ್ ಟ್ಯಾಂಕ್ ಮಾಡಿಸಬೇಡಿ. ನಾವು ಮಾಡಿಸಿದ್ದೆವು.

ಸ್ಟೇಷನ್ನಿನ ಹೊರಗೆ ಪೆಟ್ರೋಲ್ ಆಟೊ ಓಡಿಸುವ ಒಬ್ಬರು ಸಿಕ್ಕಿದರು. ಪೈಪು ಹಾಕಿ ಎರಡೂ ಟ್ಯಾಂಕು ಖಾಲಿ ಮಾಡಿ, ಒಂದಷ್ಟು ತಮ್ಮ ಆಟೊಗೆ, ಉಳಿದದ್ದನ್ನು ಕ್ಯಾನಿಗೆ ತುಂಬಿಕೊಂಡರು. ದುಡ್ಡು ಬೇಡ, ನಮ್ಮನ್ನು ಊಟಕ್ಕೆ ಒಳ್ಳೆಯ ಖಾನಾವಳಿಗೆ ಮುಟ್ಟಿಸಿ ಎಂದೆವು. ಮೇಷ್ಟ್ರು ಆಟೊ ಹತ್ತುವುದನ್ನು, ನಾನು ಸೊಂಟ ಹಿಡಿದು ಅವರ ಪಕ್ಕ ಕೂರುವುದನ್ನು ಕನ್ನಡಿಯಲ್ಲಿ ನೋಡಿ, "ಯಾಕ್ರೀ ಸಾಹೇಬ್ರ, ಕುದ್ರಿ ಮ್ಯಾಲಿಂದ ಬಿದ್ದವ್ರಂಗ ನಡಿಲಿಕತ್ತೀರಲ್ಲ" ಎಂದು ಮರುಕಪಟ್ಟರು. ಗುಂಡಿ ಬಂದಲ್ಲೆಲ್ಲ ನಿಧಾನ ಮಾಡಿದರು, ಪುಂಡಿ ಪಲ್ಲೆ ಎಲ್ಲಿ ಚೆನ್ನಾಗಿ ಸಿಗುತ್ತದೆಂದು ದಾರಿಯುದ್ದಕ್ಕೂ ಹೇಳಿದರು. ಇಳಿದ ಮೇಲೆ ಬಾಡಿಗೆ ಎಂಬತ್ತು ರೂಪಾಯಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ನೂರರ ನೋಟು ಕೊಟ್ಟು, ಚಿಲ್ಲರೆ ಬೇಡವೆಂದು ಒಳಗೆ ಹೋಗಿ ರೊಟ್ಟಿಗೆ ಹೇಳಿದರು.